ಕನ್ನಡ ಪುಟದಲ್ಲಿ ಇಣುಕಿದ ಇಂಗ್ಲಿಷ್: ಒಂದು ದ್ವಿಭಾಷಾ ಜಾಲತಾಣದ ದುರಸ್ತಿ ದಾಖಲೆ

ನಾನು ನೋಡಿಕೊಳ್ಳುತ್ತಿರುವ ಸಣ್ಣ ಗ್ರಂಥಾಲಯವೊಂದರ ಜಾಲತಾಣವನ್ನು, ತಾಣಗಳನ್ನು ಕಟ್ಟಿ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಕಟ್ಟಲಾಗಿದೆ. ಅದರ ಮೂಲಭಾಷೆ ಇಂಗ್ಲಿಷ್. ವಿಳಾಸದಲ್ಲಿ ‘ಕೆಎನ್’ ಎಂಬ ತುಂಡು ಸೇರಿದರೆ ಅದೇ ಪುಟ ಕನ್ನಡದಲ್ಲಿ ತೆರೆದುಕೊಳ್ಳುತ್ತದೆ. ಭಾಷೆ ಬದಲಿಸುವುದು ಒಂದು ಬಹುಭಾಷಾ ಪ್ಲಗಿನ್ನಿನ (ಮೇಲಿನಿಂದ ಸೇರಿಸಿದ ಪುಟ್ಟ ತಂತ್ರಾಂಶದ) ಕೆಲಸ, ಪುಸ್ತಕ ಕಾಯ್ದಿರಿಸುವುದು ಇನ್ನೊಂದು ಪ್ಲಗಿನ್ನಿನ ಕೆಲಸ, ಪುಟದ ಉಳಿದ ರೂಪವೆಲ್ಲ ಈ ತಾಣಕ್ಕೆಂದೇ ಬರೆಸಿದ ಥೀಮಿನದು. ವರ್ಡ್‌ಪ್ರೆಸ್ಸನ್ನು 6.7ನೇ ಆವೃತ್ತಿಗೆ ಏರಿಸಿ, ಜೊತೆಯಲ್ಲೇ ಕಾಯ್ದಿರಿಸುವ ಪ್ಲಗಿನ್ನಿನ ಹೊಸ ಆವೃತ್ತಿಯನ್ನೂ ಹಾಕಿದ ಮೇಲೆ ಕನ್ನಡ ಪುಟಗಳಲ್ಲಿ ಅಲ್ಲಲ್ಲಿ ಇಂಗ್ಲಿಷ್ ಕಾಣಿಸತೊಡಗಿತು.

ಪುಸ್ತಕಗಳ ಪರಿಚಯ, ಲೇಖಕರ ವಿವರ, ಪ್ರಕಟಣೆಗಳು, ಅಂದರೆ ನಾವೇ ಬರೆದು ಸೇರಿಸಿದ ಬರಹವೆಲ್ಲ, ಕನ್ನಡದಲ್ಲೇ ಇದ್ದವು. ಆದರೆ ಕಾಯ್ದಿರಿಸುವ ಬಟನ್ ‘ರಿಸರ್ವ್ ದಿಸ್ ಬುಕ್’ ಎನ್ನುತ್ತಿತ್ತು. ಪಟ್ಟಿಯ ಕೊನೆಯ ‘ಲೋಡ್ ಮೋರ್’ ಒತ್ತಿದರೆ ಬರುವ ಹೊಸ ಸಾಲುಗಳ ಮೇಲಿನ ಸೂಚನೆಗಳು ಇಂಗ್ಲಿಷಿನಲ್ಲಿದ್ದವು. ಫಾರ್ಮಿನಲ್ಲಿ ಫೋನ್ ಸಂಖ್ಯೆ ತಪ್ಪಾದಾಗ ಬರುವ ಎಚ್ಚರಿಕೆ, ಕಾರ್ಯಕ್ರಮದ ದಿನಾಂಕದಲ್ಲಿರುವ ತಿಂಗಳ ಹೆಸರು, ಪುಟದ ಅಡಿಯ ಒಂದು ಸಾಲು, ಇವೂ ಹಾಗೆಯೇ. ಗೊಂದಲ ಹೆಚ್ಚಿಸಿದ ಸಂಗತಿಯೆಂದರೆ, ಓದುಗರು ಇಂಗ್ಲಿಷ್ ಕಾಣುತ್ತಿದೆ ಎಂದು ತಿಳಿಸಿದ ಕೆಲವು ಜಾಗಗಳನ್ನು ಗ್ರಂಥಾಲಯದ ಸಿಬ್ಬಂದಿ ತೆರೆದು ನೋಡಿದಾಗ ಅಲ್ಲಿ ಕನ್ನಡವೇ ಇರುತ್ತಿತ್ತು.

ಇಂಥ ಸಂದರ್ಭದಲ್ಲಿ ಬೇಗ ಕೈಗೆಟಕುವ ಪರಿಹಾರವೊಂದಿದೆ: ಪುಟ ತೆರೆದ ಮೇಲೆ ಇಂಗ್ಲಿಷ್ ಪದಗಳನ್ನು ಹುಡುಕಿ ಕನ್ನಡಕ್ಕೆ ಬದಲಿಸುವ ಒಂದು ಚಿಕ್ಕ ಜಾವಾಸ್ಕ್ರಿಪ್ಟನ್ನು ಅಂಟಿಸಿಬಿಡುವುದು, ಇಲ್ಲವೇ ಇಡೀ ಪುಟವನ್ನು ಯಂತ್ರಾನುವಾದಕ್ಕೆ ಒಪ್ಪಿಸುವುದು. ಎರಡೂ ಬೇಡವೆಂದು ಮೊದಲೇ ತೀರ್ಮಾನಿಸಿದೆ. ಮೊದಲನೆಯದು ಪ್ಲಗಿನ್ನಿನ ಮುಂದಿನ ಆವೃತ್ತಿಯಲ್ಲಿ ಒಂದು ಅಕ್ಷರ ಬದಲಾದರೂ ಸದ್ದಿಲ್ಲದೆ ಕೆಲಸ ನಿಲ್ಲಿಸುತ್ತದೆ. ಎರಡನೆಯದು ನಾವು ಎಚ್ಚರಿಕೆಯಿಂದ ಬರೆದ ಕನ್ನಡವನ್ನೂ ಮುಟ್ಟುವ ಅಪಾಯವಿದೆ. ಅದಕ್ಕಿಂತ ಮುಖ್ಯವಾಗಿ, ಅನುವಾದ ಕಾಣೆಯಾಗುವುದು ಜ್ವರವಿದ್ದಂತೆ. ಹೊರಗೆ ಕಾಣುವ ಲಕ್ಷಣ ಒಂದೇ ಆದರೂ ಒಳಗಿನ ಕಾರಣಗಳು ಬೇರೆಬೇರೆ, ಮತ್ತು ಕಾರಣ ಗೊತ್ತಾಗುವ ಮೊದಲು ಅನುವಾದದ ಕಡತಕ್ಕೆ ಕೈ ಹಾಕಿದರೆ ಇದ್ದ ಸುಳಿವೂ ಅಳಿಸಿಹೋಗುತ್ತದೆ.

ಒಂದು ಸಾಲಿನ ಪ್ರಯಾಣ

ವರ್ಡ್‌ಪ್ರೆಸ್ಸಿನ ಅನುವಾದ ವ್ಯವಸ್ಥೆ ಗೆಟ್‌ಟೆಕ್ಸ್ಟ್ ಪದ್ಧತಿಯದು. ಗ್ನೂ ಯೋಜನೆಯ ಗೆಟ್‌ಟೆಕ್ಸ್ಟ್ 1995ರಿಂದ ಬಳಕೆಯಲ್ಲಿದ್ದು, ಇವತ್ತಿಗೂ ಅನೇಕ ಮುಕ್ತ ತಂತ್ರಾಂಶಗಳು ಅದನ್ನೇ ನೆಚ್ಚಿಕೊಂಡಿವೆ. ಪ್ರೋಗ್ರಾಮ್ ಬರೆಯುವವರು ತೆರೆಯ ಮೇಲೆ ಕಾಣಬೇಕಾದ ಪ್ರತಿ ಇಂಗ್ಲಿಷ್ ಸಾಲನ್ನೂ ಒಂದು ಅನುವಾದ ಫಂಕ್ಷನ್ನಿನೊಳಗೆ ಇಟ್ಟು, ಅದರ ಜೊತೆಗೆ ಆ ಪ್ಲಗಿನ್ ಅಥವಾ ಥೀಮಿನ ಗುರುತಾದ ಟೆಕ್ಸ್ಟ್ ಡೊಮೈನ್ ಹೆಸರನ್ನೂ ಕೊಡುತ್ತಾರೆ. ಒಂದು ಉಪಕರಣ ಕೋಡನ್ನೆಲ್ಲ ಜಾಲಾಡಿ ಅಂಥ ಸಾಲುಗಳನ್ನು ಪಿಓಟಿ ಎಂಬ ಖಾಲಿ ನಮೂನೆಗೆ ತುಂಬುತ್ತದೆ. ಆ ನಮೂನೆಯಿಂದ ಕನ್ನಡದ ಪಿಓ ಕಡತ ಹುಟ್ಟುತ್ತದೆ. ಅನುವಾದಕರು ಕೆಲಸ ಮಾಡುವುದು ಇದರಲ್ಲಿ. ಪಿಓವನ್ನು ಕಂಪೈಲ್ ಮಾಡಿದರೆ ಯಂತ್ರ ಓದುವ ಎಂಓ ಕಡತ ಸಿಗುತ್ತದೆ. ಓದುಗರು ಪುಟ ತೆರೆದಾಗ ವರ್ಡ್‌ಪ್ರೆಸ್ ಆ ಹೊತ್ತಿನ ಲೊಕೇಲ್, ಅಂದರೆ ಭಾಷೆಯ ಸಂಕೇತ, ಯಾವುದೆಂದು ನೋಡಿ, ಸರಿಯಾದ ಹೆಸರಿನ ಕಡತವನ್ನು ಸರಿಯಾದ ಫೋಲ್ಡರಿನಿಂದ ಎತ್ತಿಕೊಂಡು, ಮೂಲ ಇಂಗ್ಲಿಷ್ ಸಾಲಿಗೆ ಅಕ್ಷರಶಃ ಹೊಂದುವ ಕನ್ನಡವನ್ನು ಕೊಡುತ್ತದೆ. ಹೊಂದದಿದ್ದರೆ ಯಾವ ದೋಷಸೂಚನೆಯೂ ಇಲ್ಲದೆ ಇಂಗ್ಲಿಷನ್ನೇ ಹಿಂದಿರುಗಿಸುತ್ತದೆ.

ಈ ಮೌನವೇ ದುರಸ್ತಿಯ ತೊಡಕು. ಹಾಗಾಗಿ ಮೊದಲು ವ್ಯವಸ್ಥೆಯ ಬಾಯಿ ಬಿಡಿಸಬೇಕಾಯಿತು.

ವರ್ಡ್‌ಪ್ರೆಸ್‌ನಲ್ಲಿ ‘ಮಸ್ಟ್ ಯೂಸ್’ ಪ್ಲಗಿನ್‌ಗಳೆಂಬ ಒಂದು ಫೋಲ್ಡರ್ ಇದೆ. ಅದರಲ್ಲಿಟ್ಟ ಕಡತ ಬೇರೆಲ್ಲ ಪ್ಲಗಿನ್‌ಗಳಿಗಿಂತ ಮೊದಲು ಓಡುತ್ತದೆ. ಅಲ್ಲಿ ಒಂದು ಸಣ್ಣ ಕಡತ ಬರೆದಿಟ್ಟೆ. ಅನುವಾದವಾಗಿ ಹೊರಬರುವ ಪ್ರತಿ ಸಾಮಾನ್ಯ ಸಾಲೂ ಗೆಟ್‌ಟೆಕ್ಸ್ಟ್ ಎಂಬ ಫಿಲ್ಟರನ್ನು (ಸಾಲನ್ನು ನಡುವೆ ತಡೆದು ಬದಲಿಸಬಹುದಾದ ಜಾಗವನ್ನು) ದಾಟಿಯೇ ಬರಬೇಕು, ಮತ್ತು ಆ ಫಿಲ್ಟರಿಗೆ ಅನುವಾದ, ಮೂಲ, ಡೊಮೈನ್ ಮೂರೂ ಸಿಗುತ್ತವೆ. ಲೊಕೇಲ್ ಕನ್ನಡವಾಗಿದ್ದು ಅನುವಾದವೂ ಮೂಲವೂ ಒಂದೇ ಆಗಿದ್ದರೆ, ಆ ಸಾಲಿನ ಹಿಂದೆ ಮುಂದೆ ದಪ್ಪ ಆವರಣ ಹಾಕಿ ಡೊಮೈನಿನ ಹೆಸರನ್ನೂ ಸೇರಿಸಿ ಹಿಂದಿರುಗಿಸುವಂತೆ ಮಾಡಿದೆ. ಸಂದರ್ಭಸಹಿತವಾದ ಸಾಲುಗಳಿಗೆ ಮತ್ತು ಏಕವಚನ–ಬಹುವಚನದ ಸಾಲುಗಳಿಗೆ ಬೇರೆಬೇರೆ ಫಿಲ್ಟರ್‌ಗಳಿರುವುದರಿಂದ ಅವಕ್ಕೂ ಇದನ್ನೇ ಕಟ್ಟಬೇಕು. ಈ ಗುರುತುಗಳು ನಿರ್ವಾಹಕರಾಗಿ ಲಾಗಿನ್ ಆದವರಿಗೆ, ಅದೂ ವಿಳಾಸದಲ್ಲಿ ಒಂದು ವಿಶೇಷ ಪದ ಸೇರಿಸಿದಾಗ ಮಾತ್ರ ಕಾಣುವಂತೆ ಇಟ್ಟದ್ದರಿಂದ ಓದುಗರಿಗೆ ತೊಂದರೆಯಾಗಲಿಲ್ಲ.

ಪುಟ ತೆರೆದ ಕೂಡಲೇ ಚಿತ್ರ ತಿಳಿಯಾಯಿತು. ಇಂಗ್ಲಿಷ್ ಸಾಲುಗಳು ಎರಡು ಗುಂಪಾದವು. ಆವರಣ ಬಿದ್ದವು ಅನುವಾದದ ಬಾಗಿಲಿಗೆ ಬಂದು ಬರಿಗೈಯಲ್ಲಿ ಹಿಂದಿರುಗಿದವು. ಅವುಗಳ ಕಡತದಲ್ಲಿ ತೊಂದರೆ ಇದೆ. ಆವರಣ ಬೀಳದವು ಆ ಬಾಗಿಲಿಗೆ ಬರಲೇ ಇಲ್ಲ, ಅಥವಾ ಕನ್ನಡ ಜಾರಿಯಲ್ಲಿಲ್ಲದ ಹೊತ್ತಿನಲ್ಲಿ ಬಂದು ಹೋಗಿವೆ. ಅವುಗಳಿಗೆ ಎಷ್ಟು ಅನುವಾದ ಬರೆದರೂ ಪ್ರಯೋಜನವಿಲ್ಲ. ಅನುವಾದ ಬರುತ್ತಿಲ್ಲ ಎಂದು ಯಾರಾದರೂ ಕೇಳಿದರೆ ಈಗ ನಾನು ಮೊದಲು ಕೇಳುವುದು ಆ ಸಾಲು ಯಾವ ಗುಂಪಿನದು ಎಂದೇ.

ಇದರಿಂದ ನಿರೀಕ್ಷಿಸದ ಇನ್ನೊಂದು ಲಾಭವೂ ಆಯಿತು. ಪುಟದ ಮೂಲ ಕೋಡಿನಲ್ಲಿ ಆವರಣಗಳನ್ನು ಹುಡುಕಿದಾಗ, ಕಣ್ಣಿಗೆ ಕಾಣದ ಇಂಗ್ಲಿಷ್ ಸಾಲುಗಳೂ ಸಿಕ್ಕವು: ಮೆನು ಮುಚ್ಚುವ ಗುರುತಿಗೆ, ಮುಂದಿನ ಚಿತ್ರಕ್ಕೆ ಹೋಗುವ ಬಾಣಕ್ಕೆ, ಹುಡುಕುವ ಪೆಟ್ಟಿಗೆಗೆ ಇಟ್ಟಿರುವ ಏರಿಯಾ ಲೇಬಲ್‌ಗಳು. ಕಣ್ಣು ಕಾಣದ ಓದುಗರ ಸ್ಕ್ರೀನ್ ರೀಡರ್ ಓದುವುದು ಇವನ್ನೇ. ಕನ್ನಡ ಎಂದು ಘೋಷಿಸಿದ ಪುಟದ ನಡುವೆ ಬರುವ ಇಂಗ್ಲಿಷ್ ಲೇಬಲನ್ನು ಆ ತಂತ್ರಾಂಶ ಕನ್ನಡದ ಧ್ವನಿಯಲ್ಲಿ ಓದಲು ಹೊರಟರೆ ಕೇಳುವವರಿಗೆ ಏನೂ ಅರ್ಥವಾಗದು. ಕಣ್ಣಿಂದಷ್ಟೇ ಪರೀಕ್ಷಿಸಿದ್ದರೆ ಇವು ಎಂದಿಗೂ ಸಿಗುತ್ತಿರಲಿಲ್ಲ.

ಆವರಣ ಬಿದ್ದ ಸಾಲುಗಳು

ಥೀಮಿನ ಡೊಮೈನ್ ಹೊತ್ತ ಸಾಲುಗಳೆಲ್ಲ, ಒಂದೂ ಬಿಡದೆ, ಇಂಗ್ಲಿಷಿನಲ್ಲಿದ್ದವು. ಎಲ್ಲವೂ ಒಟ್ಟಿಗೆ ಹೋಗಿದ್ದರೆ ಅನುವಾದವನ್ನಲ್ಲ, ಕಡತದ ಹೆಸರನ್ನೇ ಅನುಮಾನಿಸಬೇಕು. ವರ್ಡ್‌ಪ್ರೆಸ್ಸಿನಲ್ಲಿ ಕನ್ನಡದ ಲೊಕೇಲ್ ಬರಿಯ ‘ಕೆಎನ್’. ಹಿಂದಿಗೆ ‘ಎಚ್ಐ’ ಮುಂದೆ ಅಂಡರ್‌ಸ್ಕೋರ್ ಹಾಕಿ ‘ಐಎನ್’ ಎಂದಿದೆ, ಮಲಯಾಳಕ್ಕೂ ಹಾಗೆಯೇ. ತೆಲುಗಿಗೆ ಮತ್ತು ಕನ್ನಡಕ್ಕೆ ದೇಶದ ಬಾಲವಿಲ್ಲ. ಹಿಂದೆ ಈ ತಾಣ ಕಟ್ಟಿದವರು ಕನ್ನಡಕ್ಕೂ ದೇಶದ ಸೂಚಕ ಸೇರಿಸಿದ ಲೊಕೇಲನ್ನು ಬಹುಭಾಷಾ ಪ್ಲಗಿನ್ನಿನಲ್ಲಿ ಕೈಯಿಂದ ತುಂಬಿಸಿ, ಥೀಮಿನ ಕಡತಕ್ಕೂ ಅದೇ ಹೆಸರಿಟ್ಟಿದ್ದರು. ಎರಡೂ ಒಂದಕ್ಕೊಂದು ಹೊಂದುತ್ತಿದ್ದವಾದ್ದರಿಂದ ಥೀಮ್ ಕನ್ನಡದಲ್ಲಿ ಕಾಣುತ್ತಿತ್ತು. ಆದರೆ ವರ್ಡ್‌ಪ್ರೆಸ್ಸಿನ ಅಧಿಕೃತ ಕನ್ನಡ ಪ್ಯಾಕ್ (ಸಿದ್ಧ ಅನುವಾದಗಳ ಕಟ್ಟು) ಆ ಹೆಸರಿನಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ಮೂಲ ವ್ಯವಸ್ಥೆಯ ಸಾಲುಗಳು ಅಂದಿನಿಂದಲೂ ಇಂಗ್ಲಿಷಿನಲ್ಲೇ ಉಳಿದಿದ್ದವು. ಅಪ್‌ಡೇಟಿನ ಹೊತ್ತಿಗೆ ಭಾಷಾ ಪಟ್ಟಿಯನ್ನು ಅಧಿಕೃತ ಲೊಕೇಲಿಗೆ ಬದಲಿಸಿದಾಗ ಮೂಲ ವ್ಯವಸ್ಥೆಗೆ ಕನ್ನಡ ಬಂತು, ಥೀಮಿನ ಕನ್ನಡ ಹೋಯಿತು.

ಮರುಹೆಸರಿಡುವಾಗಲೂ ಒಂದು ನಿಯಮ ನೆನಪಿಡಬೇಕು. ಥೀಮಿನ ಸ್ವಂತ ಲ್ಯಾಂಗ್ವೇಜಸ್ ಫೋಲ್ಡರಿನಲ್ಲಿರುವ ಕಡತದ ಹೆಸರಿನಲ್ಲಿ ಲೊಕೇಲ್ ಮಾತ್ರ ಇರಬೇಕು. ಅದೇ ಕಡತವನ್ನು ಡಬ್ಲ್ಯೂಪಿ ಕಂಟೆಂಟ್ ಎಂಬ ಫೋಲ್ಡರಿನ ಕೆಳಗಿರುವ ಸಾಮಾನ್ಯ ಲ್ಯಾಂಗ್ವೇಜಸ್ ಫೋಲ್ಡರಿನ ಥೀಮ್ಸ್ ವಿಭಾಗದಲ್ಲಿಟ್ಟರೆ ಡೊಮೈನಿನ ಹೆಸರು, ಅಡ್ಡಗೆರೆ, ಆಮೇಲೆ ಲೊಕೇಲ್ ಬರಬೇಕು. ಪ್ಲಗಿನ್‌ಗಳಿಗೆ ಎಲ್ಲಿಟ್ಟರೂ ಡೊಮೈನ್ ಸಹಿತವಾದ ಹೆಸರೇ. ಹೆಸರು ಸರಿಪಡಿಸಿದ ಮೇಲೆ ಥೀಮಿನ ಆವರಣಗಳು ಒಟ್ಟಿಗೆ ಮಾಯವಾದವು.

ಕಾಯ್ದಿರಿಸುವ ಪ್ಲಗಿನ್ನಿನ ಕಥೆ ಬೇರೆ. ಅದರ ಹೆಚ್ಚಿನ ಸಾಲುಗಳು ಕನ್ನಡದಲ್ಲಿದ್ದು ಕೆಲವು ಮಾತ್ರ ಇಂಗ್ಲಿಷಿಗೆ ಮರಳಿದ್ದವು. ಈ ಪ್ಲಗಿನ್ನಿಗೆ ಅಧಿಕೃತ ಕನ್ನಡ ಪ್ಯಾಕ್ ಇಲ್ಲ. ವರ್ಡ್‌ಪ್ರೆಸ್ಸಿನ ಅನುವಾದ ತಾಣದಲ್ಲಿ ಒಂದು ಪ್ಲಗಿನ್ನಿನ ಸಾಲುಗಳಲ್ಲಿ ಶೇಕಡ 90ರಷ್ಟು ಅನುವಾದವಾಗಿ ಅನುಮೋದನೆ ಪಡೆದ ಮೇಲೆಯೇ ಆ ಭಾಷೆಯ ಮೊದಲ ಪ್ಯಾಕ್ ಸಿದ್ಧವಾಗುತ್ತದೆ; ಸ್ವಯಂಸೇವಕರು ಕಡಿಮೆಯಿರುವ ಭಾಷೆಗಳಿಗೆ ಈ ಗೆರೆ ದಾಟುವುದು ಸುಲಭವಲ್ಲ. ಹಾಗಾಗಿ ನಮ್ಮದೇ ಪಿಓ ಕಡತವನ್ನು ಇಟ್ಟುಕೊಂಡಿದ್ದೇವೆ, ಮತ್ತು ಹೊಸ ಆವೃತ್ತಿ ಬಂದಾಗ ಅದನ್ನು ಹೊಸ ನಮೂನೆಯೊಂದಿಗೆ ವಿಲೀನಗೊಳಿಸುತ್ತೇವೆ.

ಪಿಓ ಕಡತವನ್ನು ಪೋಎಡಿಟ್ ಎಂಬ ಅನುವಾದ ಸಂಪಾದಕದಲ್ಲಿ ತೆರೆದು ನೋಡಿದರೆ ‘ರಿಸರ್ವ್ ದಿಸ್ ಬುಕ್’ ಎಂಬುದರ ಎದುರಿಗೆ ಕನ್ನಡ ಸ್ಪಷ್ಟವಾಗಿ ಇತ್ತು. ಹೊಸಬರು ದಾರಿ ತಪ್ಪುವುದು ಇಲ್ಲೇ: ಕಡತದಲ್ಲಿ ಇದೆ, ಪುಟದಲ್ಲಿ ಇಲ್ಲ, ಆದ್ದರಿಂದ ಕ್ಯಾಶ್‌ನದೇ (ವೇಗಕ್ಕಾಗಿ ಕೂಡಿಟ್ಟ ಹಳೆಯ ಪ್ರತಿಯದೇ) ತೊಂದರೆ ಎಂದು ಭಾವಿಸಿ ಗಂಟೆಗಟ್ಟಲೆ ಕ್ಯಾಶ್ ಖಾಲಿ ಮಾಡುತ್ತ ಕೂರುತ್ತಾರೆ. ವಾಸ್ತವದಲ್ಲಿ ಹಳೆಯ ಆವೃತ್ತಿಯಲ್ಲಿ ಆ ಬಟನ್ ‘ರಿಸರ್ವ್ ಬುಕ್’ ಎಂದಿತ್ತು. ವಿಲೀನ ಮಾಡುವ ಉಪಕರಣ ಹೊಸ ಸಾಲಿಗೆ ಸಮೀಪದ ಹಳೆಯ ಸಾಲನ್ನು ಹುಡುಕಿ, ಅದರ ಅನುವಾದವನ್ನು ಊಹೆಯಾಗಿ ತಂದು ಕೂರಿಸಿ, ಮೇಲೆ ‘ಫಜ್ಜಿ’ (ಅಸ್ಪಷ್ಟ, ಪರಿಶೀಲಿಸಬೇಕಾದದ್ದು) ಎಂಬ ಗುರುತು ಹಾಕಿತ್ತು. ಕಂಪೈಲ್ ಮಾಡುವ ಎಂಎಸ್ಜಿಎಫ್ಎಂಟಿ ಉಪಕರಣ ಪೂರ್ವನಿಯೋಜಿತವಾಗಿ ಫಜ್ಜಿ ಸಾಲುಗಳನ್ನು ಎಂಓ ಕಡತಕ್ಕೆ ಸೇರಿಸುವುದಿಲ್ಲ. ಎಂಓದೊಳಗೆ ನಿಜವಾಗಿ ಏನಿದೆ ಎಂದು ತಿಳಿಯಲು ಅದನ್ನು ಎಂಎಸ್ಜಿಅನ್‌ಎಫ್ಎಂಟಿ ಉಪಕರಣದಿಂದ ಮರಳಿ ಪಠ್ಯವಾಗಿಸಿ ನೋಡಿದೆ. ಆ ಸಾಲುಗಳು ಅದರಲ್ಲಿ ಇರಲೇ ಇಲ್ಲ.

ಫಜ್ಜಿ ಸಾಲುಗಳನ್ನೂ ಸೇರಿಸಿಕೊಂಡೇ ಕಂಪೈಲ್ ಮಾಡು ಎಂದು ಹೇಳುವ ಆಯ್ಕೆಯೂ ಇದೆ. ಅದನ್ನು ಬಳಸುವವರನ್ನು ಕಂಡಿದ್ದೇನೆ, ಒಪ್ಪಲಾರೆ. ಉಪಕರಣದ ಊಹೆ ನೋಡುವುದು ಅಕ್ಷರಗಳ ಸಾಮೀಪ್ಯವನ್ನೇ ಹೊರತು ಅರ್ಥವನ್ನಲ್ಲ. ನಮ್ಮ ಕಡತದಲ್ಲೇ ಕಾಯ್ದಿರಿಸಿದ್ದನ್ನು ರದ್ದುಪಡಿಸುವ ಹೊಸ ಬಟನ್ನಿಗೆ, ಕಾಯ್ದಿರಿಸಿದ್ದನ್ನು ಖಚಿತಪಡಿಸುವ ಹಳೆಯ ಅನುವಾದ ಬಂದು ಕೂತಿತ್ತು. ಅದು ಹಾಗೆಯೇ ಪುಟಕ್ಕೆ ಹೋಗಿದ್ದರೆ ಇಂಗ್ಲಿಷ್ ಬಟನ್ನಿಗಿಂತ ಹೆಚ್ಚಿನ ಅನಾಹುತವಾಗುತ್ತಿತ್ತು. ಇಂಗ್ಲಿಷ್ ಕಂಡರೆ ಓದುಗರಿಗೆ ಕಿರಿಕಿರಿ, ತಪ್ಪು ಕನ್ನಡ ಕಂಡರೆ ಮೋಸ. ಆದ್ದರಿಂದ ಫಜ್ಜಿ ಸಾಲುಗಳನ್ನಷ್ಟೇ ಬೇರ್ಪಡಿಸಿ, ಒಂದೊಂದನ್ನೂ ಓದಿ, ಸರಿಯಿದ್ದುದನ್ನು ಒಪ್ಪಿ, ಉಳಿದುದನ್ನು ಹೊಸದಾಗಿ ಬರೆದೆ.

ಇದೇ ಗುಂಪಿನಲ್ಲಿ ಫಜ್ಜಿಯೂ ಅಲ್ಲದ, ಆದರೂ ಇಂಗ್ಲಿಷಿನಲ್ಲೇ ಉಳಿದ ಒಂದಿಷ್ಟು ಸಾಲುಗಳಿದ್ದವು. ಅವು ಸಾಮಾನ್ಯ ಲ್ಯಾಂಗ್ವೇಜಸ್ ಫೋಲ್ಡರಿನಲ್ಲಿ ಹಿಂದೆ ಯಾರೋ ಇಟ್ಟು ಮರೆತಿದ್ದ ಅಪೂರ್ಣ ಕನ್ನಡ ಕಡತವೊಂದರ ಕೆಲಸ. ವರ್ಡ್‌ಪ್ರೆಸ್ ಮೊದಲು ನೋಡುವುದು ಆ ಸಾಮಾನ್ಯ ಫೋಲ್ಡರನ್ನು. ಅಲ್ಲಿ ಸಿಕ್ಕರೆ ಪ್ಲಗಿನ್ನಿನ ಒಳಗಿರುವ ಪೂರ್ಣ ಕಡತದ ಕಡೆ ತಿರುಗಿಯೂ ನೋಡುವುದಿಲ್ಲ. ಮರೆತ ಕಡತವನ್ನು ತೆಗೆದುಹಾಕಿದೆ.

ಬದಲಿಸಿದ ಮೇಲೂ ಬದಲಾಗದ ಪುಟ

ಪಿಓ ಸರಿಯಾಯಿತು, ಎಂಓ ಹೊಸದಾಯಿತು, ಅದರೊಳಗೆ ಕನ್ನಡ ಇರುವುದನ್ನು ಕಣ್ಣಾರೆ ನೋಡಿದ್ದೂ ಆಯಿತು. ಪುಟ ಮಾತ್ರ ಜಗ್ಗಲಿಲ್ಲ. ಪೇಜ್ ಕ್ಯಾಶನ್ನು ಪೂರ್ತಿ ನಿಲ್ಲಿಸಿ ನೋಡಿದರೂ ಆವರಣಗಳು ಅಲ್ಲೇ ಇದ್ದವು.

ಇದಕ್ಕೆ ಕಾರಣ 2024ರ ಏಪ್ರಿಲ್‌ನಲ್ಲಿ ಬಂದ ವರ್ಡ್‌ಪ್ರೆಸ್ 6.5ರ ಒಂದು ಬದಲಾವಣೆ. ಎಂಓ ಕಡತವನ್ನು ಪ್ರತಿ ಸಲ ಬಿಡಿಸಿ ಓದುವುದಕ್ಕೆ ಸಮಯ ಹಿಡಿಯುವುದರಿಂದ, ಅದೇ ಅನುವಾದವನ್ನು ನೇರವಾಗಿ ವರ್ಡ್‌ಪ್ರೆಸ್ಸಿನ ಕೋಡ್ ಭಾಷೆಯಾದ ಪಿಎಚ್‌ಪಿಯ ಅರೇ (ಪಟ್ಟಿ) ರೂಪದಲ್ಲಿ ಬರೆದಿಡುವ ಹೊಸ ಬಗೆಯ ಕಡತವನ್ನು ಆ ಆವೃತ್ತಿ ಪರಿಚಯಿಸಿತು. ಅದರ ಹೆಸರು ‘ಎಲ್10ಎನ್ ಡಾಟ್ ಪಿಎಚ್‌ಪಿ’ ಎಂದು ಕೊನೆಯಾಗುತ್ತದೆ. ಉದ್ದೇಶ ಒಳ್ಳೆಯದೇ, ಪುಟಗಳು ನಿಜಕ್ಕೂ ಚುರುಕಾಗುತ್ತವೆ. ಆದರೆ ಪಿಎಚ್‌ಪಿ ಕಡತ ಪಕ್ಕದಲ್ಲಿದ್ದರೆ ವರ್ಡ್‌ಪ್ರೆಸ್ ಅದನ್ನೇ ಆರಿಸಿಕೊಳ್ಳುತ್ತದೆ. ಎಂಓ ಅದಕ್ಕಿಂತ ಹೊಸದೇ ಎಂದು ದಿನಾಂಕ ಹೋಲಿಸುವುದಿಲ್ಲ. ನಾವು ಬಳಸುತ್ತಿದ್ದ ಅನುವಾದ ಉಪಕರಣ ಹಿಂದೊಮ್ಮೆ ಆ ಕಡತವನ್ನೂ ತಯಾರಿಸಿಟ್ಟಿತ್ತು. ನಾನು ಆಜ್ಞಾಸಾಲಿನಿಂದ ಮಾಡಿದ ಹೊಸ ಎಂಓ ಅದರ ನೆರಳಿನಲ್ಲಿ ಸುಮ್ಮನೆ ಬಿದ್ದಿತ್ತು.

ವರ್ಡ್‌ಪ್ರೆಸ್ಸನ್ನು ಆಜ್ಞಾಸಾಲಿನಿಂದ ನಡೆಸುವ ಡಬ್ಲ್ಯೂಪಿ ಸಿಎಲ್ಐ ಉಪಕರಣದಲ್ಲಿ ಎಂಓ ಮಾಡುವ, ಪಿಎಚ್‌ಪಿ ಮಾಡುವ ಆಜ್ಞೆಗಳು ಬೇರೆಬೇರೆ ಇವೆ. ಎರಡನ್ನೂ ಒಂದೇ ಸ್ಕ್ರಿಪ್ಟಿನಲ್ಲಿ ಜೋಡಿಸಿ, ಒಂದು ಹೊಸದಾದರೆ ಇನ್ನೊಂದೂ ಹೊಸದಾಗುವಂತೆ ಮಾಡಿದೆ. ಪರೀಕ್ಷಾ ಸರ್ವರಿನಲ್ಲಿ ಕನ್ನಡ ಬಂತು. ನಿಜವಾದ ಸರ್ವರಿನಲ್ಲಿ ಬರಲಿಲ್ಲ! ಅಲ್ಲಿ ಪಿಎಚ್‌ಪಿ ಕೋಡನ್ನು ಮೆಮೊರಿಯಲ್ಲಿ ಕೂಡಿಡುವ ಓಪಿಕ್ಯಾಶ್, ಕಡತಗಳ ಸಮಯ ಬದಲಾಗಿದೆಯೇ ಎಂದು ಪರೀಕ್ಷಿಸದಂತೆ ಹೊಂದಿಸಲ್ಪಟ್ಟಿತ್ತು. ವೇಗಕ್ಕಾಗಿ ಹೀಗೆ ಮಾಡುವುದು ರೂಢಿಯೇ. ಎಂಓ ಕಡತವಾಗಿದ್ದ ಕಾಲದಲ್ಲಿ ಅನುವಾದಕ್ಕೂ ಓಪಿಕ್ಯಾಶ್‌ಗೂ ಸಂಬಂಧವಿರಲಿಲ್ಲ. ಅನುವಾದವೇ ಪಿಎಚ್‌ಪಿ ಆದ ಮೇಲೆ ಹಳೆಯ ಅನುವಾದ ಮೆಮೊರಿಯಲ್ಲಿ ಕೂತುಬಿಡುತ್ತದೆ. ಪಿಎಚ್‌ಪಿಯನ್ನು ಓಡಿಸುವ ಎಫ್‌ಪಿಎಂ ಸೇವೆಯನ್ನು ರೀಲೋಡ್ ಮಾಡಿದ ಕೂಡಲೇ ಬಟನ್ ಕನ್ನಡಕ್ಕೆ ತಿರುಗಿತು. ಕಡತ ಏರಿಸುವ ಕ್ರಮಕ್ಕೆ ಈ ರೀಲೋಡನ್ನೂ ಸೇರಿಸಿದ್ದೇನೆ.

ಆವರಣ ಬೀಳದ ಸಾಲುಗಳು

ಇವುಗಳಲ್ಲಿ ಸುಲಭವಾದವನ್ನು ಬೇಗ ಮುಗಿಸಿದೆ. ಪುಟದ ಅಡಿಯ ಸಾಲನ್ನು ಯಾರೋ ಸೆಟ್ಟಿಂಗ್ಸ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದರು. ಅದು ಡೇಟಾಬೇಸಿನಿಂದ ಬರುವ ಪಠ್ಯವಾದ್ದರಿಂದ ಗೆಟ್‌ಟೆಕ್ಸ್ಟಿಗೆ ಅದರ ಗೊಡವೆಯಿಲ್ಲ. ಬಹುಭಾಷಾ ಪ್ಲಗಿನ್ನಿನ ಸ್ಟ್ರಿಂಗ್ ಪಟ್ಟಿಯಲ್ಲಿ ಅದನ್ನು ನೋಂದಾಯಿಸಿ ಕನ್ನಡ ಕೊಟ್ಟೆ. ತಿಂಗಳ ಹೆಸರಿನ ತೊಂದರೆ, ಥೀಮ್ ಪಿಎಚ್‌ಪಿಯ ಸ್ವಂತ ಡೇಟ್ ಫಂಕ್ಷನ್ ಬಳಸಿದ್ದರಿಂದ ಆದದ್ದು. ಆ ಫಂಕ್ಷನ್ನಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲ. ವರ್ಡ್‌ಪ್ರೆಸ್ 5.3ರಲ್ಲಿ ಬಂದ ಡಬ್ಲ್ಯೂಪಿ ಡೇಟ್ ಫಂಕ್ಷನ್ ಹಾಕಿದಾಗ ತಿಂಗಳು, ವಾರ ಎರಡೂ ಕನ್ನಡವಾದವು. ಇನ್ನೆರಡು ಸಾಲುಗಳು ಥೀಮಿನ ಎಚ್‌ಟಿಎಂಎಲ್‌ನಲ್ಲಿ ಅನುವಾದ ಫಂಕ್ಷನ್ನಿಲ್ಲದೆ ಬೆತ್ತಲೆಯಾಗಿದ್ದವು, ಅವನ್ನು ಸುತ್ತಿದೆ.

ಹೀಗೆ ಸುತ್ತುವಾಗ, ಮೂಲ ಸಾಲನ್ನು ವೇರಿಯಬಲ್‌ನಲ್ಲಿಟ್ಟು ಅನುವಾದ ಫಂಕ್ಷನ್ನಿಗೆ ಕೊಡಬಾರದು ಎಂಬ ನಿಯಮವನ್ನು ಪಾಲಿಸಲೇಬೇಕು. ಸಾಲುಗಳನ್ನು ಹೆಕ್ಕುವ ಉಪಕರಣ ಕೋಡನ್ನು ಓದುತ್ತದೆಯೇ ಹೊರತು ಓಡಿಸುವುದಿಲ್ಲ. ವೇರಿಯಬಲ್ಲಿನೊಳಗೆ ಏನಿದೆ ಎಂದು ಅದಕ್ಕೆ ತಿಳಿಯದು, ಆ ಸಾಲು ನಮೂನೆಗೆ ಬರುವುದೇ ಇಲ್ಲ. ಡೊಮೈನ್ ಹೆಸರಿಗೂ ಇದೇ ನಿಯಮ.

ವಿಚಿತ್ರವಾಗಿ ಕಂಡದ್ದು ಕಾಯ್ದಿರಿಸುವಿಕೆಯ ಸ್ಥಿತಿಗಳ ಪಟ್ಟಿ: ‘ಪೆಂಡಿಂಗ್’, ‘ಕನ್ಫರ್ಮ್ಡ್’ ಇತ್ಯಾದಿ. ಕೋಡಿನಲ್ಲಿ ಅವೆಲ್ಲ ಅನುವಾದ ಫಂಕ್ಷನ್ನಿನೊಳಗೇ ಇದ್ದವು, ಎಂಓದಲ್ಲಿ ಕನ್ನಡವೂ ಇತ್ತು, ಆದರೂ ಆವರಣ ಬಿದ್ದಿರಲಿಲ್ಲ. ಡಿಬಗ್ ಲಾಗ್ ತೆರೆದಾಗ ಉತ್ತರ ಸಿಕ್ಕಿತು. ವರ್ಡ್‌ಪ್ರೆಸ್ 6.7ರಿಂದ ಈಚೆಗೆ, ಯಾವುದಾದರೂ ಡೊಮೈನಿನ ಅನುವಾದವನ್ನು ವರ್ಡ್‌ಪ್ರೆಸ್ ಥೀಮನ್ನು ಸಿದ್ಧಪಡಿಸುವ ಹಂತಕ್ಕೂ ಮೊದಲೇ ಕೇಳಿದರೆ, ಅನುವಾದವನ್ನು ತೀರ ಬೇಗ ಕೇಳಲಾಗಿದೆ ಎಂಬ ಸೂಚನೆ ಲಾಗಿಗೆ ಬೀಳುತ್ತದೆ. ಈ ಸೂಚನೆ ಲಾಗುಗಳನ್ನು ತುಂಬಿಸಿದಾಗ ಹಲವರು ಅದನ್ನು ಅಡಗಿಸುವ ಉಪಾಯ ಹುಡುಕಿದರು. ನನಗಂತೂ ಅದರಿಂದ ಉಪಕಾರವೇ ಆಯಿತು. ಪ್ಲಗಿನ್ ತನ್ನ ಕಡತ ತೆರೆದುಕೊಳ್ಳುವ ಕ್ಷಣದಲ್ಲೇ ಸ್ಥಿತಿಗಳ ಪಟ್ಟಿಯನ್ನು ಅನುವಾದಿಸಿ ಒಂದು ಅರೇಯಲ್ಲಿ ಇಟ್ಟುಕೊಳ್ಳುತ್ತಿತ್ತು. ನಮ್ಮ ತಾಣದಲ್ಲಿ ವಿಳಾಸವನ್ನು ನೋಡಿ ಭಾಷೆ ಕನ್ನಡವೆಂದು ನಿರ್ಧಾರವಾಗುವುದು ಅದಾದ ಮೇಲೆ. ಪಟ್ಟಿ ತಯಾರಾದಾಗ ಜಾರಿಯಲ್ಲಿದ್ದ ಲೊಕೇಲ್ ಇಂಗ್ಲಿಷ್ ಆಗಿತ್ತು. ನನ್ನ ಪತ್ತೆ ಕಡತವೂ ಕನ್ನಡದ ಲೊಕೇಲನ್ನು ಮಾತ್ರ ಗಮನಿಸುತ್ತಿದ್ದುದರಿಂದ ಸುಮ್ಮನಿತ್ತು. ಪ್ಲಗಿನ್ ಬರೆದವರಿಗೆ ತಿದ್ದುಪಡಿ ಕಳುಹಿಸಿ, ಅದು ಬರುವವರೆಗೆ ಆ ಅರೇಯನ್ನು ಬಳಸುವ ಮುನ್ನ ಮತ್ತೊಮ್ಮೆ ತುಂಬಿಸುವ ತಾತ್ಕಾಲಿಕ ಫಿಲ್ಟರ್ ಹಾಕಿಕೊಂಡಿದ್ದೇವೆ.

ಜಾವಾಸ್ಕ್ರಿಪ್ಟಿನ ಸಾಲುಗಳು

ಫೋನ್ ಸಂಖ್ಯೆಯ ಎಚ್ಚರಿಕೆ ಪುಟದ ಮೂಲ ಕೋಡಿನಲ್ಲಿ ಎಲ್ಲೂ ಇರಲಿಲ್ಲ. ಅಂದರೆ ಅದನ್ನು ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ತಯಾರಿಸುತ್ತಿದೆ. ಜಾವಾಸ್ಕ್ರಿಪ್ಟ್ ಎಂಓ ಕಡತ ಓದುವುದಿಲ್ಲ. ಅದಕ್ಕೆ ವರ್ಡ್‌ಪ್ರೆಸ್ 5.0ರಿಂದ ಬೇರೆ ದಾರಿ ಇದೆ: ಪ್ರತಿ ಸ್ಕ್ರಿಪ್ಟಿಗೂ ಒಂದು ಜೇಸನ್ (ದತ್ತಾಂಶವನ್ನು ಪಠ್ಯವಾಗಿ ಇಡುವ) ಕಡತ. ಅದರ ಹೆಸರಿನಲ್ಲಿ ಡೊಮೈನ್, ಲೊಕೇಲ್ ಆದ ಮೇಲೆ ಎಂಡಿ5 ಎಂಬ ಲೆಕ್ಕದಿಂದ ಬರುವ 32 ಅಕ್ಷರಗಳ ಒಂದು ಸರಣಿ ಇರುತ್ತದೆ. ಆ ಸರಣಿ ಹುಟ್ಟುವುದು ಸ್ಕ್ರಿಪ್ಟ್ ಕಡತದ ಸಾಪೇಕ್ಷ ಮಾರ್ಗದಿಂದ. ಹೆಸರಿನಲ್ಲಿ ‘ಮಿನ್’ ಎಂಬ ತುಂಡಿದ್ದರೆ ಅದನ್ನು ಕಳೆದು ಲೆಕ್ಕ ಹಾಕುತ್ತಾರೆ.

ನಮ್ಮಲ್ಲಿ ಜೇಸನ್ ಕಡತಗಳಿದ್ದವು, ಆದರೆ ಯಾವುದೂ ಪುಟಕ್ಕೆ ಬರುತ್ತಿರಲಿಲ್ಲ. ಪ್ಲಗಿನ್ನಿನ ಹೊಸ ಆವೃತ್ತಿಯಲ್ಲಿ ಬರೆಯುವ ಸ್ಕ್ರಿಪ್ಟುಗಳು ‘ಎಸ್‌ಆರ್‌ಸಿ’ ಫೋಲ್ಡರಿನಲ್ಲೂ ಬ್ರೌಸರಿಗೆ ಹೋಗುವ ಸ್ಕ್ರಿಪ್ಟು ‘ಬಿಲ್ಡ್’ ಫೋಲ್ಡರಿನಲ್ಲೂ ಇವೆ. ಪಿಓ ಕಡತದ ಟಿಪ್ಪಣಿಗಳು ಮೊದಲನೆಯದನ್ನು ತೋರಿಸುತ್ತಿದ್ದುದರಿಂದ ಎಂಡಿ5 ಸರಣಿ ಅದರ ಮಾರ್ಗದಿಂದ ಹುಟ್ಟಿತ್ತು. ವರ್ಡ್‌ಪ್ರೆಸ್ ಹುಡುಕುತ್ತಿದ್ದುದು ಎರಡನೆಯದರ ಸರಣಿಯನ್ನು. ಸಾಲುಗಳನ್ನು ಬಿಲ್ಡ್ ಫೋಲ್ಡರಿನಿಂದಲೇ ಹೆಕ್ಕಿ ಜೇಸನ್ ಕಡತಗಳನ್ನು ಮತ್ತೆ ತಯಾರಿಸಿದ ಮೇಲೆ ಸರಣಿಗಳು ಹೊಂದಿದವು. ಹೊಂದಿವೆಯೇ ಎಂದು ಪರೀಕ್ಷಿಸಲು ಪುಟದ ಮೂಲ ಕೋಡಿನಲ್ಲಿ ಆ ಸ್ಕ್ರಿಪ್ಟಿಗೆ ವರ್ಡ್‌ಪ್ರೆಸ್ಸಿನಲ್ಲಿ ಕೊಟ್ಟ ಹೆಸರಿನಿಂದ ಆರಂಭವಾಗಿ ‘ಟ್ರಾನ್ಸ್‌ಲೇಷನ್ಸ್’ ಎಂದು ಕೊನೆಯಾಗುವ ಐಡಿ ಇದೆಯೇ ಎಂದು ನೋಡಿದರೆ ಸಾಕು.

ಜೇಸನ್ ಮಾಡುವ ಆಜ್ಞೆಯಲ್ಲಿ ಅಡಗಿರುವ ಒಂದು ಅಪಾಯವನ್ನು ಹೇಳಲೇಬೇಕು. ಅದು ಪೂರ್ವನಿಯೋಜಿತವಾಗಿ ಜಾವಾಸ್ಕ್ರಿಪ್ಟಿನ ಸಾಲುಗಳನ್ನು ಜೇಸನ್ನಿಗೆ ಸಾಗಿಸಿದ ಮೇಲೆ ಪಿಓ ಕಡತದಿಂದ ಅಳಿಸಿಹಾಕುತ್ತದೆ. ಎರಡನೆಯ ಸಲ ಅದೇ ಆಜ್ಞೆ ಓಡಿಸಿದರೆ ಸಾಗಿಸಲು ಸಾಲುಗಳೇ ಇರುವುದಿಲ್ಲ, ಮತ್ತು ಅನುವಾದಕರ ಶ್ರಮ ಪಿಓದಿಂದ ಕಾಣೆಯಾಗಿರುತ್ತದೆ. ಅಳಿಸಬೇಡ ಎಂಬ ಆಯ್ಕೆಯನ್ನು ಕೊಟ್ಟೇ ಓಡಿಸಬೇಕು. ಪಿಓದ ಪ್ರತಿಯ ಮೇಲೆ ಓಡಿಸಿದರೆ ಇನ್ನೂ ಕ್ಷೇಮ.

ಸಿಬ್ಬಂದಿಗೆ ಕನ್ನಡ, ಓದುಗರಿಗೆ ಇಂಗ್ಲಿಷ್ ಕಾಣಿಸಿದ್ದು ‘ಲೋಡ್ ಮೋರ್’ ಹಿಂದಿನ ಅಜಾಕ್ಸ್ ಕರೆಯಿಂದ, ಅಂದರೆ ಪುಟವನ್ನು ಮತ್ತೆ ತೆರೆಯದೆ ಸರ್ವರಿನಿಂದ ಮಾಹಿತಿ ತರಿಸುವ ಕರೆಯಿಂದ. ಆ ಕರೆ ಹೋಗುವುದು ಅಡ್ಮಿನ್ ಅಜಾಕ್ಸ್ ಎಂಬ ಒಂದೇ ವಿಳಾಸಕ್ಕೆ. ಅದರಲ್ಲಿ ಪುಟದ ‘ಕೆಎನ್’ ತುಂಡು ಇರುವುದಿಲ್ಲ. ಆದ್ದರಿಂದ ಹೊರಗಿನ ಓದುಗರಿಗೆ ತಾಣದ ಮೂಲಭಾಷೆಯಾದ ಇಂಗ್ಲಿಷಿನಲ್ಲಿ ಉತ್ತರ ಬರುತ್ತದೆ. ಲಾಗಿನ್ ಆದವರಿಗಾದರೋ ವರ್ಡ್‌ಪ್ರೆಸ್ ಆ ವಿಳಾಸವನ್ನು ನಿರ್ವಹಣಾ ಭಾಗವೆಂದೇ ಬಗೆದು, ಅವರವರ ಪ್ರೊಫೈಲಿನಲ್ಲಿ ಆರಿಸಿಕೊಂಡ ಭಾಷೆಯನ್ನು ಬಳಸುತ್ತದೆ. ಸಿಬ್ಬಂದಿಯ ಪ್ರೊಫೈಲುಗಳಲ್ಲಿ ಕನ್ನಡವಿತ್ತು. ಹೀಗೆ ಪರೀಕ್ಷಿಸಿದವರಿಗೆಲ್ಲ ಸರಿ, ಬಳಸಿದವರಿಗೆಲ್ಲ ತಪ್ಪು. ಕರೆಯ ಜೊತೆಗೆ ಪುಟದ ಭಾಷೆಯನ್ನೂ ಕಳುಹಿಸಿ, ಅದು ನಮ್ಮ ತಾಣದ ಭಾಷೆಗಳಲ್ಲೊಂದೇ ಎಂದು ಪರಿಶೀಲಿಸಿ, ಉತ್ತರ ತಯಾರಿಸುವ ಮುನ್ನ ಲೊಕೇಲ್ ಬದಲಿಸಿ ಆಮೇಲೆ ಹಿಂದಿನದಕ್ಕೆ ಮರಳಿಸುವಂತೆ ಬರೆದೆ. ದೃಢೀಕರಣದ ಇಮೇಲಿಗೂ ಇದೇ ಚಿಕಿತ್ಸೆ. ಅದನ್ನು ಕಳುಹಿಸುವುದು ಗೊತ್ತಾದ ಹೊತ್ತಿಗೆ ಹಿನ್ನೆಲೆಯಲ್ಲಿ ಓಡುವ ಕ್ರಾನ್ ಎಂಬ ವ್ಯವಸ್ಥೆ. ಅದಕ್ಕೆ ಓದುಗರು ಯಾವ ಭಾಷೆಯಲ್ಲಿದ್ದರೆಂಬುದು ಗೊತ್ತಿರುವುದಿಲ್ಲ. ಕಾಯ್ದಿರಿಸಿದ ಕ್ಷಣದಲ್ಲೇ ಭಾಷೆಯನ್ನೂ ದಾಖಲಿಸಿಟ್ಟು ಇಮೇಲಿನ ಹೊತ್ತಿಗೆ ಅದನ್ನು ಬಳಸುತ್ತೇವೆ. ಈಗ ಪರೀಕ್ಷೆಗಳನ್ನೆಲ್ಲ ಲಾಗಿನ್ ಇಲ್ಲದ ಖಾಸಗಿ ಕಿಟಕಿಯಲ್ಲೇ ಮಾಡಬೇಕೆಂದು ಸಿಬ್ಬಂದಿಯನ್ನೂ ಕೋರಿದ್ದೇನೆ.

ಮುಂದಿನ ಅಪ್‌ಡೇಟಿಗೆ ಮಾಡಿದ ಏರ್ಪಾಡು

ನಮ್ಮ ಪಿಓ, ಎಂಓ, ಜೇಸನ್ ಕಡತಗಳನ್ನು ಪ್ಲಗಿನ್ನಿನ ಫೋಲ್ಡರಿನಿಂದ ಹೊರತಂದೆ. ಅಲ್ಲಿದ್ದರೆ ಮುಂದಿನ ಅಪ್‌ಡೇಟಿನಲ್ಲಿ ಫೋಲ್ಡರಿನ ಜೊತೆಗೇ ಅಳಿಯುತ್ತವೆ. ಸಾಮಾನ್ಯ ಲ್ಯಾಂಗ್ವೇಜಸ್ ಫೋಲ್ಡರಿನಲ್ಲಿಟ್ಟರೆ ಎಂದಾದರೂ ಅಧಿಕೃತ ಪ್ಯಾಕ್ ಬಂದ ದಿನ ಅದು ಇವನ್ನು ತುಳಿದುಹಾಕುತ್ತದೆ. ಈಗ ಅವು ಪ್ರತ್ಯೇಕ ಫೋಲ್ಡರಿನಲ್ಲಿದ್ದು, ಕಡತದ ಮಾರ್ಗ ಬದಲಿಸುವ ಫಿಲ್ಟರಿನ ಮೂಲಕ ವರ್ಡ್‌ಪ್ರೆಸ್ಸಿಗೆ ಅಲ್ಲಿಂದ ಸಿಗುತ್ತವೆ. ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಇತಿಹಾಸವೂ ಉಳಿಯುತ್ತದೆ.

ಹೊಸ ಆವೃತ್ತಿಯನ್ನು ಏರಿಸುವ ಮೊದಲು ಓಡುವ ಸ್ಕ್ರಿಪ್ಟು ಮೂರು ಸಂಗತಿಗಳನ್ನು ನೋಡುತ್ತದೆ: ಅನುವಾದವಿಲ್ಲದ ಸಾಲುಗಳಿವೆಯೇ, ಫಜ್ಜಿ ಸಾಲುಗಳಿವೆಯೇ, ಮೂಲದಲ್ಲಿರುವ ಸಂಖ್ಯಾ ಮತ್ತು ಹೆಸರಿನ ಜಾಗಸೂಚಕಗಳೆಲ್ಲ ಕನ್ನಡದಲ್ಲೂ ಇವೆಯೇ. ಮೊದಲೆರಡಕ್ಕೆ ಗೆಟ್‌ಟೆಕ್ಸ್ಟಿನ ಎಂಎಸ್‌ಜಿಅಟ್ರಿಬ್ ಉಪಕರಣ, ಮೂರನೆಯದಕ್ಕೆ ಎಂಎಸ್ಜಿಎಫ್ಎಂಟಿಯ ತಪಾಸಣೆ ಆಯ್ಕೆ ಸಾಕಾಗುತ್ತದೆ. ಪಿಓ ಕಡತದ ತಲೆಭಾಗದಲ್ಲಿರುವ ಬಹುವಚನದ ಶಿರೋಲೇಖವನ್ನೂ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು: ಭಾಷೆಗಳ ರೂಢಿಗಳನ್ನು ದಾಖಲಿಸುವ ಯೂನಿಕೋಡ್ ಸಿಎಲ್‌ಡಿಆರ್ ನಿಯಮದ ಪ್ರಕಾರ ಕನ್ನಡದಲ್ಲಿ 0 ಮತ್ತು 1 ಎರಡೂ ಮೊದಲ ರೂಪಕ್ಕೆ ಸೇರುತ್ತವೆ, ಇಂಗ್ಲಿಷಿನಿಂದ ನಕಲಿಸಿದ ಶಿರೋಲೇಖದಲ್ಲಿ 0 ಎರಡನೆಯ ರೂಪಕ್ಕೆ ಹೋಗಿರುತ್ತದೆ.

ಒಂದು ಜಾಗದಲ್ಲಿ ಮಾತ್ರ ಇಂಗ್ಲಿಷ್ ಉಳಿದಿದೆ. ಕಾರ್ಯಕ್ರಮಗಳ ಪುಟದಲ್ಲಿ ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ಮೂಲಕ ಹೊರಗಿನ ಸೇವೆಯೊಂದರ ಕ್ಯಾಲೆಂಡರ್ ಬರುತ್ತದೆ. ಅದರ ಗುಂಡಿಗಳು ಆ ಸೇವೆಯ ಸರ್ವರಿನಲ್ಲಿ ತಯಾರಾಗಿ ಬರುವುದರಿಂದ ನಮ್ಮ ಯಾವ ಕಡತವೂ ಅವನ್ನು ಮುಟ್ಟದು, ಮತ್ತು ಆ ಸೇವೆಯ ಭಾಷಾ ಪಟ್ಟಿಯಲ್ಲಿ ಕನ್ನಡವಿಲ್ಲ. ಅದನ್ನು ಕಿತ್ತು, ನಮ್ಮದೇ ಡೇಟಾಬೇಸಿನಿಂದ ಕಾರ್ಯಕ್ರಮಗಳ ಸರಳ ಪಟ್ಟಿಯನ್ನು ತೋರಿಸುವ ಕೆಲಸ ಸದ್ಯ ನಡೆಯುತ್ತಿದೆ.